ಸಹಾಯ ಬೇಕು: ಭಾಮಿನಿ ಷಟ್ಪದಿಯನ್ನು ಸವಿಯುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ಇಷ್ಟು ದಿನ ಭಾಮಿನಿ ಷಟ್ಪದಿಯಲ್ಲಿರುವ ಕುಮಾರವ್ಯಾಸ ಭಾರತವನ್ನು ಸುಮ್ನೆ ಕಥೆಗಾಗಿ ಓದುತ್ತಿದ್ದೆ. ಈಗ ಪದ್ಯವನ್ನು ಪದ್ಯವಾಗಿಯೇ ಸವಿಯುವ ಆಸೆ. ಅರ್ಥಕ್ಕೆ ತೊಂದರೆಯಿಲ್ಲ, ತಾತ್ಪರ್ಯ ಇರುವ ಪುಸ್ತಕವಿದೆ.

ಈ ಛಂದಸ್ಸಿನ ಲೆಕ್ಕವೂ ಗೊತ್ತು. ಆರು ಸಾಲು. 1, 2, 4, 5ನೇ ಸಾಲುಗಳಲ್ಲಿ 3-4-3-4ರಂತೆ 14 ಮಾತ್ರೆ (ಒಂದು ಹ್ರಸ್ವ ಅಕ್ಷರ ಹೇಳುವಷ್ಟು ಕಾಲ ಒಂದು ಮಾತ್ರೆ). 3 ಮತ್ತು 6ನೇ ಸಾಲು ಉದ್ದ: ಕೊನೆಯ ಒಂದು ಗುರು (ಎರಡು ಮಾತ್ರೆಯ ಅಕ್ಷರ) ಸೇರಿ 23 ಮಾತ್ರೆ. ಪ್ರತಿ ಸಾಲಿನ ಎರಡನೇ ಅಕ್ಷರದಲ್ಲಿ ಪ್ರಾಸ. ಜೋರಾಗಿ ಓದಿದರೆ ಆ ಗುರುವಿನ ಮೇಲೆ ದನಿ ನಿಲ್ಲುವುದೂ ಕೇಳಿಸುತ್ತದೆ. ಆದರೆ ಯುದ್ಧಕ್ಕೂ ಇದೇ ನಡೆ, ದ್ರೌಪದಿಯ ಅಳಲಿಗೂ ಇದೇ ನಡೆ. ಆದರೂ ಎರಡೂ ಬೇರೆ ಥರ ಕೇಳಿಸುತ್ತವೆ, ಅಲ್ವಾ? ಅದಕ್ಕೆ ಕಾರಣ ಅಕ್ಷರಗಳ ಆಯ್ಕೆಯಾ, ಅಥವಾ ಮಾತು ಸಾಲಿನ ನಡುವೆ ಮುರಿಯುವ ರೀತಿಯಾ?

ಇನ್ನು ರೂಪಕಗಳು. ಒಂದರ ಬೆನ್ನಿಗೆ ಇನ್ನೊಂದು ಬರುತ್ತವೆ. ‘ಇದು ಉಪಮೆ, ಇದು ರೂಪಕ’ ಅಂತ ಅಂಚಿನಲ್ಲಿ ಗುರುತು ಹಾಕುವುದು ಸುಲಭ. ಅದು ಪರೀಕ್ಷೆಗಷ್ಟೇ ಸಾಕು ಅನ್ನಿಸುತ್ತದೆ. ಆ ಹೋಲಿಕೆ ಆ ಪಾತ್ರದ ಬಾಯಲ್ಲೇ, ಆ ಹೊತ್ತಿಗೇ ಯಾಕೆ ಬಂತು ಅಂತ ಹೇಗೆ ನೋಡಬೇಕು?

ಬಲ್ಲವರು ಒಂದೇ ಒಂದು ಪದ್ಯ ಹಿಡಿದು ಬಿಡಿಸಿ ತೋರಿಸಿದರೆ ಸಾಕು. ಸಭಾಪರ್ವದ್ದಾದರೆ ಇನ್ನೂ ಒಳ್ಳೆಯದು, ಈಗ ಅದನ್ನೇ ಓದುತ್ತಿದ್ದೇನೆ. ಗಮಕ (ಕಾವ್ಯವನ್ನು ರಾಗವಾಗಿ ಓದುವ ಕಲೆ) ಕಲಿತವರಿದ್ದರೆ ಎಲ್ಲಿ ನಿಲ್ಲಿಸಿ ಓದುತ್ತೀರಿ ಅಂತಲೂ ದಯವಿಟ್ಟು ತಿಳಿಸಿ.