ಆರ್ವೊ ಪ್ಯಾರ್ಟ್: ‘ಎಂಟು ವರ್ಷದ ಮೌನ’ ನಿಜವಾ? ಟಿಂಟಿನ್ನಾಬ್ಯುಲಿ ಬರೆಯೋದು ಹೇಗೆ?

ಪ್ರಶ್ನೆ (ಶ್ರುತಿಪೆಟ್ಟಿಗೆ):
ಎಸ್ಟೋನಿಯಾದ ಸಂಗೀತ ರಚನಕಾರ ಪ್ಯಾರ್ಟ್ 1968ರ ನಂತರ ಏನೂ ಬರೆಯದೆ, 1976ರಲ್ಲಿ ದಿಢೀರನೆ ಟಿಂಟಿನ್ನಾಬ್ಯುಲಿ ಅನ್ನೋ ಹೊಸ ಶೈಲಿ ತಂದರು ಅಂತಾರೆ. ಎಷ್ಟು ನಿಜ? ಆ ಶೈಲಿಯ ಲೆಕ್ಕವನ್ನು ನಮ್ಮ ಸ್ವರಗಳಲ್ಲೇ ಹೇಳಬಹುದಾ? ಕೀಬೋರ್ಡ್‌ನಲ್ಲಿ ನುಡಿಸಿ ನೋಡಬೇಕು.

ಮಂದ್ರಸ್ಥಾಯಿ:
‘ಮೌನ’ ಅನ್ನೋದು ಅರ್ಧ ಸತ್ಯ. 1971ರಲ್ಲಿ ಮೂರನೇ ಸಿಂಫನಿ ಬಂದಿದೆ, ಹೊಟ್ಟೆಪಾಡಿಗೆ ಸಿನಿಮಾ ಸಂಗೀತವೂ ನಡೆದಿತ್ತು. ನಿಂತದ್ದು ಹಳೆಯ ದಾರಿ. 1960ರ ‘ನೆಕ್ರೊಲಾಗ್’ನಲ್ಲಿ ಹನ್ನೆರಡು ಸ್ವರಗಳ ಸೀರಿಯಲ್ ಪದ್ಧತಿ (ಹನ್ನೆರಡನ್ನೂ ಒಂದು ಗೊತ್ತಾದ ಸಾಲಿನಲ್ಲಿ ಜೋಡಿಸಿ ಬರೆಯುವುದು) ಹಿಡಿದಿದ್ದರು, 1968ರ ‘ಕ್ರೇಡೊ’ದ ಕ್ರೈಸ್ತ ಪಠ್ಯ ಸೋವಿಯತ್ ಅಧಿಕಾರಿಗಳನ್ನು ಕೆರಳಿಸಿತು. ಆಮೇಲೆ ಗ್ರೆಗೋರಿಯನ್ ಗಾಯನ, ಮಧ್ಯಯುಗದ ಬಹುಧ್ವನಿ ಸಂಗೀತದ ಅಭ್ಯಾಸ. 1976ರಲ್ಲಿ ಪಿಯಾನೊಗೆ ‘ಫ್ಯೂರ್ ಅಲೀನಾ’, 1977ರಲ್ಲಿ ‘ಫ್ರಾತ್ರೆಸ್’, ‘ಕ್ಯಾಂಟಸ್’, ‘ತಬುಲಾ ರಾಸಾ’. 1980ರಲ್ಲಿ ದೇಶ ಬಿಟ್ಟು ವಿಯೆನ್ನಾ, ಮರುವರ್ಷ ಬರ್ಲಿನ್. ಪಶ್ಚಿಮದಲ್ಲಿ ಹೆಸರು ಹಬ್ಬಿಸಿದ್ದು ಜರ್ಮನಿಯ ಇಸಿಎಂ ಕಂಪನಿಯ 1984ರ ಧ್ವನಿಮುದ್ರಿಕೆ. ನನ್ನ ಪ್ರಕಾರ ಇನ್ನೊಂದು ಅಂಶಕ್ಕೂ ತೂಕವಿದೆ: 1958ರಿಂದ 1967ರವರೆಗೆ ಅವರು ಎಸ್ಟೋನಿಯನ್ ರೇಡಿಯೊದಲ್ಲಿ ಧ್ವನಿ ಎಂಜಿನಿಯರ್.

ತಂತಿಮೀಟು:
ಲೆಕ್ಕ ಹೀಗಿದೆ. ಎರಡು ಧ್ವನಿ. ಒಂದು ರಾಗದ ಮೆಟ್ಟಿಲಲ್ಲಿ ಹತ್ತಿ ಇಳಿಯುತ್ತದೆ; ಇನ್ನೊಂದಕ್ಕೆ ಸ, ಗ, ಪ ಮೂರೇ ಸ್ವರ. ನಠಭೈರವಿ ಇಟ್ಟುಕೊಳ್ಳಿ, ಅದೇ ಪಾಶ್ಚಾತ್ಯರ ನ್ಯಾಚುರಲ್ ಮೈನರ್ ಸ್ವರಶ್ರೇಣಿ. ಬಲಗೈ ಸ್ವರಕ್ಕೆ ತಕ್ಷಣ ಕೆಳಗಿರುವ ಸ-ಗ-ಪಗಳಲ್ಲೊಂದನ್ನು ಎಡಗೈ ನುಡಿಸಲಿ:

ರಿ, ಗ ಬಂದರೆ ಸ
ಮ, ಪ ಬಂದರೆ ಗ
ದ, ನಿ, ಮೇಲಿನ ಸ ಬಂದರೆ ಪ

ಬಲಗೈ ಸ್ವರವನ್ನೇ ಎಡಗೈ ನುಡಿಸಕೂಡದು. ಹೊಸಬರು ಎಡವೋದು ಇಲ್ಲೇ: ‘ಪ’ ಬಂದಾಗ ಕೆಳಗೂ ‘ಪ’ ಹಾಕಿದರೆ ಎರಡು ಧ್ವನಿ ಒಂದಾಗಿ ಕೂತುಬಿಡುತ್ತವೆ. ಇನ್ನು ದ ಮತ್ತು ಪ ಒಟ್ಟಿಗೆ ಕೂತಾಗ ಅರ್ಧಸ್ವರದ ಘರ್ಷಣೆ ಕಿವಿಗೆ ಚುಚ್ಚುತ್ತದೆ. ಸರಿಪಡಿಸಲು ಹೋಗಬೇಡಿ, ಆ ಶೈಲಿಯ ಕಾರವೇ ಅದು. ಮೇಲಿನ ಸಮೀಪದ ಸ್ವರ, ಎರಡನೇ ಸಮೀಪದ ಸ್ವರ ಅನ್ನೋ ಆಯ್ಕೆಗಳೂ ಇವೆ, ಆದರೆ ಆಯ್ದುಕೊಂಡ ನಿಯಮವನ್ನು ನಡುವೆ ಮನಸ್ಸಿಗೆ ಬಂದ ಹಾಗೆ ಬದಲಿಸಿದರೆ ಮಾಮೂಲಿ ಮೈನರ್ ಹಾರ್ಮನಿ ಆಗಿಬಿಡುತ್ತದೆ. ‘ಫ್ಯೂರ್ ಅಲೀನಾ’ದಲ್ಲಿ ಎಡಗೈ ಮೂರು ಸ್ವರದ ಗೆರೆ ದಾಟುವುದು ಒಮ್ಮೆ ಮಾತ್ರ, 11ನೇ ಬಾರ್‌ನಲ್ಲಿ (ಸ್ವರಲಿಪಿಯ 11ನೇ ಖಂಡ).

ಶ್ರುತಿಪೆಟ್ಟಿಗೆ:
ನಾನು ಪಿಟೀಲಿನವನು. ಗಾಂಧಾರಕ್ಕೆ ಸ್ವಲ್ಪ ಕಂಪಿತ (ಸ್ವರ ತೂಗಿಸುವ ಗಮಕ) ಕೊಟ್ಟರೆ?

ತಂತಿಮೀಟು:
ಬೇಡ. ಇನ್ನೊಂದು ಧ್ವನಿಯ ಜೊತೆಗಿನ ಅಂತರವೇ ಇಲ್ಲಿ ವಿಷಯ. ಸ್ವರ ಅಲುಗಿದರೆ ಅಂತರ ಕಲಸಿಹೋಗುತ್ತದೆ. ವೈಬ್ರಾಟೊ, ಅಂದರೆ ಬೆರಳಿನಿಂದ ಸ್ವರ ನಡುಗಿಸುವುದು ಕೂಡ ಆದಷ್ಟು ಕಡಿಮೆ.

ಮಂದ್ರಸ್ಥಾಯಿ:
ಪಿಟೀಲಾದರೆ ‘ಕ್ಯಾಂಟಸ್’ ನೋಡಿ. ತಂತಿವಾದ್ಯಗಳ ಜೊತೆ ‘ಎ’ ಶ್ರುತಿಯ ಒಂದೇ ಗಂಟೆ. ಸ, ಸ ನಿ, ಸ ನಿ ದ, ಸ ನಿ ದ ಪ: ಪ್ರತಿ ಸಲವೂ ಮೇಲಿನ ಷಡ್ಜದಿಂದ ಹೊರಟು ಒಂದು ಸ್ವರ ಹೆಚ್ಚು ಇಳಿಯುತ್ತದೆ. ವೇಗ ಅರ್ಧವಾಗುತ್ತ ಹೋಗುವ ಕಾಲದ ಲೆಕ್ಕ ನಮಗೆ ಪರಿಚಿತವೇ. ಮೊದಲ ಪಿಟೀಲುಗಳ ಅರ್ಧ ವೇಗ ಎರಡನೇ ಪಿಟೀಲುಗಳಿಗೆ, ಅದರರ್ಧ ವಯೋಲಾಕ್ಕೆ, ಹೀಗೇ ಚೆಲ್ಲೊ, ಡಬಲ್ ಬಾಸ್. ಬಾಸ್ ಹದಿನಾರನೇ ಒಂದು ಪಾಲು ವೇಗದಲ್ಲಿ ಸಾಗುತ್ತದೆ. ವಯೋಲಾ ಬಿಟ್ಟು ಉಳಿದ ಗುಂಪುಗಳು ಇಬ್ಭಾಗವಾಗಿ ಅರ್ಧ ಮಂದಿ ಸ್ವರಸಾಲು, ಅರ್ಧ ಮಂದಿ ಸ-ಗ-ಪ ನುಡಿಸುತ್ತಾರೆ.

ಕೆಡೋದು ಬಿಲ್ಲಿನಲ್ಲಿ. ಕೆಳಗಿನ ವಾದ್ಯಗಳ ಸ್ವರ ತುಂಬಾ ಉದ್ದ, ಎಲ್ಲರೂ ಒಟ್ಟಿಗೆ ಬಿಲ್ಲು ತಿರುಗಿಸಿದರೆ ನಾದ ತುಂಡಾಗುತ್ತದೆ. ಅಕ್ಕಪಕ್ಕದವರು ಬೇರೆ ಬೇರೆ ಕ್ಷಣದಲ್ಲಿ ತಿರುಗಿಸಬೇಕು.