ಎರಡು ಕೈಗೂ ಕತ್ತಿ: ಡಿ ಅಂಡ್ ಡಿ ಆಡುವವರ ಪ್ರಶ್ನೆಗಳು

ಪ್ರಶ್ನೆ: ನಮಸ್ಕಾರ ಮೇಡಂ. ಡಂಜನ್ಸ್ ಅಂಡ್ ಡ್ರಾಗನ್ಸ್ (ಡಿ ಅಂಡ್ ಡಿ) ಎಂಬ, ದಾಳ ಹಾಕುತ್ತಾ ಪಾತ್ರ ವಹಿಸಿ ಆಡುವ ಆಟ ನಡೆಸುವುದೇ ನಿಮ್ಮ ವೃತ್ತಿ ಅಂತ ಗುಂಪಿನಲ್ಲಿ ಹೇಳಿದರು, ಅದಕ್ಕೆ ಕೇಳುತ್ತಿದ್ದೇನೆ. ನಾವು ಐದನೇ ಆವೃತ್ತಿಯ 2014ರ ಪುಸ್ತಕ ಇಟ್ಟುಕೊಂಡು ಆಡುತ್ತೇವೆ. ನನ್ನದು ರೋಗ್ (ಕಳ್ಳಹೆಜ್ಜೆಯ ಪಾತ್ರ), ಈಗ ತಾನೇ ಮೂರನೇ ಲೆವೆಲ್, ಡೆಕ್ಸ್ಟೆರಿಟಿ (ಚುರುಕುತನ) 16, ಅಂದರೆ +3. ಎರಡು ಕೈಯಲ್ಲೂ ಶಾರ್ಟ್‌ಸೋರ್ಡ್ (ಗಿಡ್ಡ ಕತ್ತಿ). ಎರಡನೇ ಕತ್ತಿಯ ಡ್ಯಾಮೇಜಿಗೆ +3 ಸೇರಿಸಬಾರದು ಅಂತಾರೆ ನಮ್ಮ ಡಿಎಂ (ಆಟ ನಡೆಸುವವರು). ಎರಡೂ ಕತ್ತಿಯಲ್ಲಿ ಹೊಡೆದರೆ ಆಮೇಲೆ ಡಿಸ್‌ಎಂಗೇಜ್ (ಏಟು ತಿನ್ನದೆ ಹಿಂದೆ ಸರಿಯುವುದು) ಮಾಡಲೂ ಬಿಡಲ್ಲ. ಹಾಗಾದರೆ ಎರಡನೇ ಕತ್ತಿ ಸುಮ್ನೆ ತೋರಿಕೆಗಾ?

ಉತ್ತರ: ನಿಮ್ಮ ಡಿಎಂ ಹೇಳಿದ್ದು ಸರಿ. ಅಟ್ಯಾಕ್ ಆ್ಯಕ್ಷನ್‌ನಲ್ಲಿ (ಸರದಿಯ ಮುಖ್ಯ ಕ್ರಿಯೆ) ಲೈಟ್ (ಹಗುರ) ಆಯುಧದಿಂದ ಹೊಡೆದರೆ, ಇನ್ನೊಂದು ಕೈಯ ಲೈಟ್ ಆಯುಧದಿಂದ ಬೋನಸ್ ಆ್ಯಕ್ಷನ್ (ಹೆಚ್ಚುವರಿ ಕಿರು ಕ್ರಿಯೆ) ಖರ್ಚು ಮಾಡಿ ಮತ್ತೊಂದು ಏಟು ಹಾಕಬಹುದು. ತಗಲುತ್ತದೋ ಇಲ್ಲವೋ ನೋಡುವ ದಾಳಕ್ಕೆ ನಿಮ್ಮ +5 (ಡೆಕ್ಸ್ಟೆರಿಟಿಯ +3, ಪ್ರಾವೀಣ್ಯದ +2) ಪೂರ್ತಿ ಇರುತ್ತದೆ. ಡ್ಯಾಮೇಜಿಗೆ ಮಾತ್ರ ಬರೀ ಡಿ6 (ಆರು ಮುಖದ ದಾಳ). ರೋಗ್ ಡಿಸ್‌ಎಂಗೇಜ್ ಮಾಡುವ ಕನ್ನಿಂಗ್ ಆ್ಯಕ್ಷನ್‌ಗೂ ಅದೇ ಬೋನಸ್ ಆ್ಯಕ್ಷನ್ ಬೇಕು, ಸರದಿಗೆ ಅದು ಇರುವುದು ಒಂದೇ.

ಆದರೂ ಆ ಕತ್ತಿಯನ್ನು ಬಿಡಬೇಡಿ. ಎದುರಾಳಿಯ ಎಸಿ (ಏಟು ತಗಲಲು ಮುಟ್ಟಬೇಕಾದ ಸಂಖ್ಯೆ) 13 ಅಂದುಕೊಳ್ಳಿ. ಇಪ್ಪತ್ತು ಮುಖದ ದಾಳದಲ್ಲಿ ನಿಮಗೆ 8 ಅಥವಾ ಜಾಸ್ತಿ ಬೀಳಬೇಕು, ಅಂದರೆ 65% ಅವಕಾಶ. ಎರಡು ಸಲ ದಾಳ ಹಾಕಿದರೆ ಒಂದಾದರೂ ತಗಲುವ ಅವಕಾಶ ಸುಮಾರು 88%. ಸ್ನೀಕ್ ಅಟ್ಯಾಕ್ (ರೋಗ್‌ನ ಹೆಚ್ಚುವರಿ ಡ್ಯಾಮೇಜ್) ಸರದಿಗೆ ಒಂದೇ ಸಲ ನಿಜ, ಆದರೆ ಅದನ್ನು ಎರಡನೇ ಏಟಿಗೂ ಸೇರಿಸಬಹುದು. ಮೂರನೇ ಲೆವೆಲ್‌ನಲ್ಲಿ ಅದು 2ಡಿ6, ಸರಾಸರಿ 7. ಅಷ್ಟು ದೊಡ್ಡ ಏಟು ವ್ಯರ್ಥವಾಗದಂತೆ ಕಾಯುವುದೇ ಎರಡನೇ ಕತ್ತಿಯ ಕೆಲಸ.

ಹಾಗಾಗಿ ಹೀಗೆ ಆಡಿ. ಮೊದಲ ಕತ್ತಿ ಬೀಸಿ, ದಾಳ ನೋಡಿ. ತಗಲಿತಾ? ಸ್ನೀಕ್ ಅಟ್ಯಾಕ್ ಸೇರಿಸಿ, ಬೋನಸ್ ಆ್ಯಕ್ಷನ್‌ನಲ್ಲಿ ಡಿಸ್‌ಎಂಗೇಜ್ ಮಾಡಿ ಹೊರಟುಬಿಡಿ. ತಪ್ಪಿತಾ? ಆಗ ಎರಡನೇ ಕತ್ತಿ. ಏನು ಮಾಡಬೇಕು ಅಂತ ಮೊದಲೇ ಹೇಳಿಬಿಡುವ ಅಗತ್ಯ ನಿಯಮದಲ್ಲಿ ಇಲ್ಲವೇ ಇಲ್ಲ. ತುಂಬಾ ಜನ ಸರದಿ ಶುರುವಾಗುತ್ತಲೇ "ಎರಡೂ ಕತ್ತಿ" ಅಂದುಬಿಡುತ್ತಾರೆ, ಅಲ್ಲೇ ನಷ್ಟ.

ಇನ್ನೊಂದು ಮಾತು. ರೋಗ್ ತನ್ನ ಉಪವರ್ಗ ಆರಿಸುವುದೇ ಮೂರನೇ ಲೆವೆಲ್‌ನಲ್ಲಿ. ಸ್ವಾಶ್‌ಬಕ್ಲರ್ ತೆಗೆದುಕೊಂಡರೆ ಫ್ಯಾನ್ಸಿ ಫುಟ್‌ವರ್ಕ್ ಸಿಗುತ್ತದೆ. ನೀವು ಹತ್ತಿರದಿಂದ ಹೊಡೆದ ಎದುರಾಳಿ ಆ ಸರದಿಯಲ್ಲಿ ನಿಮ್ಮ ಮೇಲೆ ಆಪರ್ಚುನಿಟಿ ಅಟ್ಯಾಕ್ (ದೂರ ಸರಿಯುವಾಗ ಹೊಡೆಯುವ ಏಟು) ಮಾಡುವಂತಿಲ್ಲ, ಏಟು ತಪ್ಪಿದ್ದರೂ ಸರಿ. ಎರಡು ಕತ್ತಿಯ ರೋಗ್‌ಗೆ ಇದಕ್ಕಿಂತ ಒಳ್ಳೆಯ ಜೋಡಿ 2014ರ ನಿಯಮದಲ್ಲಿ ನನಗೆ ಕಾಣುವುದಿಲ್ಲ.

ಪ್ರಶ್ನೆ: ಮೇಡಂ, ನನ್ನದು ಫೈಟರ್ (ಯೋಧ). ಗ್ರೇಟ್‌ಸೋರ್ಡ್ (ಎರಡು ಕೈಯಲ್ಲಿ ಹಿಡಿಯುವ ದೊಡ್ಡ ಕತ್ತಿ) ಬಿಟ್ಟು ಎರಡು ಕತ್ತಿಗೆ ಬಂದರೆ ಲಾಭ ಉಂಟಾ?

ಉತ್ತರ: ಶುರುವಿನಲ್ಲಿ ಉಂಟು. ಟೂ ವೆಪನ್ ಫೈಟಿಂಗ್ ಸ್ಟೈಲ್ ತೆಗೆದುಕೊಂಡರೆ ಎರಡನೇ ಏಟಿಗೂ +3 ಸೇರುತ್ತದೆ. ಎಲ್ಲಾ ಏಟೂ ತಗಲಿದರೆ ಸರಾಸರಿ 13. ಗ್ರೇಟ್‌ಸೋರ್ಡ್‌ಗೆ 10. ಐದನೇ ಲೆವೆಲ್‌ನಲ್ಲಿ ಎರಡೂ ಹತ್ತಿರ ಹತ್ತಿರ ಸಮ. ಹನ್ನೊಂದಕ್ಕೆ ಬಂದಾಗ ಡ್ಯಾಮೇಜಿಗೆ +5 ಇದ್ದರೆ ಗ್ರೇಟ್‌ಸೋರ್ಡ್ 36, ಎರಡು ಕತ್ತಿ 34. ಎಕ್ಸ್‌ಟ್ರಾ ಅಟ್ಯಾಕ್ (ಅದೇ ಆ್ಯಕ್ಷನ್‌ನಲ್ಲಿ ಇನ್ನೊಂದು ಏಟು) ಸಿಕ್ಕಾಗ ಗ್ರೇಟ್‌ಸೋರ್ಡ್‌ನವರ ದೊಡ್ಡ ಏಟು ಹೆಚ್ಚುತ್ತದೆ, ನಿಮ್ಮ ಬೋನಸ್ ಏಟು ಒಂದೇ ಉಳಿಯುತ್ತದೆ. ಜೊತೆಗೆ ನಿಮ್ಮ ಬೋನಸ್ ಆ್ಯಕ್ಷನ್ ಪ್ರತಿ ಸಲ ಖಾಲಿ.

ಪ್ರಶ್ನೆ: ನಾವು 2024ರ ಪುಸ್ತಕಕ್ಕೆ ಬದಲಾಯಿಸಿದ್ದೇವೆ. ಡ್ಯಾಗರ್‌ಗೆ (ಕಠಾರಿ) ನಿಕ್ ಎಂಬ ಗುಣ ಇದೆಯಲ್ವಾ, ಹಾಗಾದರೆ ರೋಗ್ ಮೂರು ಸಲ ಹೊಡೆಯಬಹುದಾ?

ಉತ್ತರ: ಇಲ್ಲ, ಎರಡೇ. ನಿಕ್ ಹೊಸ ಏಟು ಕೊಡುವುದಿಲ್ಲ. ಲೈಟ್ ಆಯುಧ ಕೊಡುವ ಆ ಎರಡನೇ ಏಟನ್ನೇ ಅಟ್ಯಾಕ್ ಆ್ಯಕ್ಷನ್ ಒಳಗೆ ತರುತ್ತದೆ, ಬೋನಸ್ ಆ್ಯಕ್ಷನ್ ಉಳಿಯುತ್ತದೆ. ರೋಗ್‌ಗೆ ಇದು ಬಹಳ ದೊಡ್ಡ ವಿಷಯ. ಎರಡು ಸಲ ಹೊಡೆದು ಡಿಸ್‌ಎಂಗೇಜ್ ಕೂಡ ಮಾಡಬಹುದು. ಮೊದಲು ಶಾರ್ಟ್‌ಸೋರ್ಡ್ ಬೀಸಿ. ಅದರ ವೆಕ್ಸ್ ಗುಣದಿಂದ, ಏಟು ತಗಲಿ ಡ್ಯಾಮೇಜ್ ಆದರೆ, ಅದೇ ಎದುರಾಳಿಯ ಮೇಲಿನ ನಿಮ್ಮ ಮುಂದಿನ ಏಟಿಗೆ ಅಡ್ವಾಂಟೇಜ್ (ಎರಡು ಸಲ ದಾಳ ಹಾಕಿ ದೊಡ್ಡದನ್ನು ಆರಿಸುವುದು). ಆಮೇಲೆ ಡ್ಯಾಗರ್. ಮೂರನೇ ಏಟು ಬೇಕೇ ಬೇಕು ಅಂದರೆ ನಾಲ್ಕನೇ ಲೆವೆಲ್‌ನಲ್ಲಿ ಡ್ಯುಯಲ್ ವೀಲ್ಡರ್ ಫೀಟ್ (ವಿಶೇಷ ಕೌಶಲ) ತೆಗೆದುಕೊಳ್ಳಿ. ಅದಕ್ಕೆ ಮತ್ತೆ ಬೋನಸ್ ಆ್ಯಕ್ಷನ್ ಹೋಗುತ್ತದೆ.

ಪ್ರಶ್ನೆ: ನಾನು 3.5 ಆವೃತ್ತಿಯ ಕಾಲದಿಂದ ಆಡುತ್ತಿರುವವನು. ಆಗ ಎರಡು ಆಯುಧ ಅಂದರೆ ಶಿಕ್ಷೆ. ಈಗ ಇಷ್ಟು ಸಲೀಸು ಮಾಡಿದ್ದು ಸರಿನಾ? ಮತ್ತೆ, ರೇಪಿಯರ್ (ಚುಚ್ಚುವ ಉದ್ದ ಕತ್ತಿ) ಜೊತೆ ಡ್ಯಾಗರ್ ಯಾಕೆ ಬಿಡಲ್ಲ?

ಉತ್ತರ: ಹೌದು ಸರ್, ಫೀಟ್ ಇಲ್ಲದೆ ಏಟು ತಗಲುವ ದಾಳಕ್ಕೆ ಮುಖ್ಯ ಕೈಗೆ −6, ಇನ್ನೊಂದಕ್ಕೆ −10. ಫೀಟ್ ಇದ್ದು ಎರಡನೇ ಕೈಯಲ್ಲಿ ಲೈಟ್ ಆಯುಧ ಹಿಡಿದರೆ −2, −2. ಮುಂದಿನ ಏಟುಗಳಿಗೆ ಇನ್ನೂ ಎರಡು ಫೀಟ್. ಆಗ ಗುರಿ ತಪ್ಪಿಸಿ ಬೆಲೆ ವಸೂಲಿ ಮಾಡುತ್ತಿದ್ದರು, ಈಗ ಬೋನಸ್ ಆ್ಯಕ್ಷನ್ ಕಿತ್ತುಕೊಂಡು ಮಾಡುತ್ತಾರೆ. ನನಗೆ ಈಗಿನದೇ ಇಷ್ಟ. ಹೊಸಬರು ಮೇಜಿನ ಮುಂದೆ ಕೂತು ಕಳೆಯುವ ಲೆಕ್ಕ ಮಾಡಬೇಕಾಗಿಲ್ಲ.

ರೇಪಿಯರ್ ವಿಷಯದಲ್ಲಿ ಮಾತ್ರ ನಾನು ನಿಮ್ಮ ಕಡೆ. 16ನೇ ಶತಮಾನದ ಇಟಲಿಯಲ್ಲಿ ಆ ಜೋಡಿಯನ್ನು ನಿಜವಾಗಿಯೂ ಕಲಿಸುತ್ತಿದ್ದರು. ಎಡಗೈ ಕಠಾರಿಯ ಮುಖ್ಯ ಕೆಲಸ ಏಟು ತಡೆಯುವುದು. ಆದರೆ ರೇಪಿಯರ್ ಲೈಟ್ ಅಲ್ಲ, ಹಾಗಾಗಿ ಫೀಟ್ ಇಲ್ಲದೆ ಆಗದು. 2014ರ ಡ್ಯುಯಲ್ ವೀಲ್ಡರ್ ಎಸಿಗೆ +1 ಕೊಟ್ಟು ಆ ತಡೆಯುವಿಕೆಯನ್ನು ಸ್ವಲ್ಪ ತೋರಿಸುತ್ತದೆ. 2024ರಲ್ಲಿ ಮೊದಲ ಏಟು ಲೈಟ್ ಆಯುಧದ್ದೇ ಆಗಬೇಕು, ಅಂದರೆ ಡ್ಯಾಗರ್ ಮೊದಲು, ರೇಪಿಯರ್ ಆಮೇಲೆ. ನಾನು ನಡೆಸುವ ಆಟಗಳಲ್ಲಿ 2014ರ ನಿಯಮಕ್ಕೆ ಈ ಒಂದು ಜೋಡಿಯನ್ನು ಫೀಟ್ ಇಲ್ಲದೆಯೇ ಬಿಡುತ್ತೇನೆ. ಶಾರ್ಟ್‌ಸೋರ್ಡ್ ಬದಲು ರೇಪಿಯರ್ ಹಿಡಿದರೆ ಏಟಿಗೆ ಸರಾಸರಿ 1 ಪಾಯಿಂಟ್ ಜಾಸ್ತಿ, ಅಷ್ಟೇ. ನಿಮ್ಮ ಡಿಎಂಗೆ ಈ ಲೆಕ್ಕ ತೋರಿಸಿ ಕೇಳಿ ನೋಡಿ.