ಮಗನಿಗೆ ಲೈಸೆನ್ಸ್ ಬಂತು, ನನ್ನ ನಿದ್ದೆ ಹೋಯಿತು

ಹದಿನಾರರ ಅಮ್ಮ, ಮಿನ್ನೆಸೋಟ
ಎಲ್ಲರಿಗೂ ನಮಸ್ಕಾರ. ಮಗನಿಗೆ 16 ತುಂಬಿತು, ಹೋದ ವಾರ ಲೈಸೆನ್ಸೂ ಸಿಕ್ಕಿತು. ನಮ್ಮ ಮನೆಯವರು ಆಫೀಸಿನಲ್ಲಿ ಸ್ವೀಟ್ ಹಂಚಿದರು. ನನಗೆ ಮಾತ್ರ ಅವನು ಕೀಲಿ ತೆಗೆದುಕೊಂಡರೆ ಹೊಟ್ಟೆಯಲ್ಲಿ ಸಂಕಟ.

ಅವನು ಓಡಾಡುವ ದಾರಿ ಫಾಲ್ಕನ್ ಹೈಟ್ಸ್‌ನ ಲಾರ್ಪೆಂಟರ್ ಅವೆನ್ಯೂ. 2016ರ ಜುಲೈನಲ್ಲಿ ಫಿಲಾಂಡೊ ಕ್ಯಾಸ್ಟೀಲ್ ಅವರ ಕಾರನ್ನು ಪೊಲೀಸರು ನಿಲ್ಲಿಸಿದ್ದು ಅಲ್ಲೇ. ಶಾಲೆಯ ಅಡುಗೆಮನೆಯಲ್ಲಿ ಕೆಲಸ ಮಾಡುತ್ತಿದ್ದವರು. ತನ್ನ ಹತ್ತಿರ ಬಂದೂಕು ಇದೆ ಎಂದು ಅವರೇ ಬಾಯಿಬಿಟ್ಟು ಹೇಳಿದರು. ಪರ್ಮಿಟ್ ಕೂಡ ಇತ್ತು. ಆದರೂ ಅಧಿಕಾರಿ ಏಳು ಗುಂಡು ಹಾರಿಸಿದ, ಅವರು ಸತ್ತರು. ಹಿಂದಿನ ಸೀಟಿನಲ್ಲಿ ನಾಲ್ಕು ವರ್ಷದ ಮಗು ಕೂತಿತ್ತು. ಮರುವರ್ಷ ಆ ಅಧಿಕಾರಿ ಕೋರ್ಟಿನಲ್ಲಿ ಬಿಡುಗಡೆಯಾದ.

ಮಗ ಕೇಳಿದ, "ಅಮ್ಮ, ಹಾಗಾದ್ರೆ ಅವರು ನಿಜ ಹೇಳಿದ್ದೇ ತಪ್ಪಾಯ್ತಾ?" ನನಗೆ ಉತ್ತರ ಹೊಳೆಯಲಿಲ್ಲ. ರಾಜಕೀಯ ಬೇಡ, ದಯವಿಟ್ಟು. ಪೊಲೀಸ್ ನಿಲ್ಲಿಸಿದರೆ ಏನು ಮಾಡಬೇಕು ಎಂದು ನೀವು ಮಕ್ಕಳಿಗೆ ಹೇಗೆ ಹೇಳಿಕೊಟ್ಟಿರಿ, ಅಷ್ಟು ತಿಳಿಸಿ. ಕಾರಿನ ಕಾಗದಗಳನ್ನು ಎಲ್ಲಿಡಿಸಲಿ ಎಂದೂ ಹೇಳಿ.

ಮಂಡ್ಯದ ಬೆಲ್ಲ, ನ್ಯೂಜೆರ್ಸಿ
ಅಕ್ಕ, ನಮ್ಮ ಇಬ್ಬರು ಮಕ್ಕಳಿಗೂ ಇದೇ ಪಾಠ ಆಗಿದೆ. ಮೊದಲನೆಯದು, ಕಾರಿನಿಂದ ಇಳಿಯಬಾರದು. ನಮ್ಮೂರಲ್ಲಿ ಟ್ರಾಫಿಕ್ ಪೊಲೀಸ್ ಕೈ ಅಡ್ಡ ಹಾಕಿದರೆ ನಾವೇ ಇಳಿದು, ಆರ್‌ಸಿ ಹಿಡಿದುಕೊಂಡು "ಸಾರ್, ಸಾರ್" ಎಂದು ಹತ್ತಿರ ಹೋಗುತ್ತೇವೆ. ಅಲ್ಲಿ ಅದು ಮರ್ಯಾದೆ. ಇಲ್ಲಿ ಹಾಗೆ ಇಳಿದು ನಡೆದರೆ ಪೊಲೀಸನ ಕೈ ಸೊಂಟದ ಬಂದೂಕಿಗೆ ಹೋಗುತ್ತದೆ.

ರಾತ್ರಿಯಾದರೆ ಒಳಗಿನ ಲೈಟ್ ಹಾಕಬೇಕು. ಗಾಜು ಇಳಿಸಿ, ಎಂಜಿನ್ ಆಫ್ ಮಾಡಿ, ಎರಡೂ ಕೈ ಸ್ಟೀರಿಂಗ್ ಮೇಲೆ. ಅವನು ಬರುವ ಮೊದಲೇ ಗ್ಲೌ ಬಾಕ್ಸ್ ಹುಡುಕುವುದು ಬೇಡ. ಹಿಂದಿನಿಂದ ನೋಡುವವನಿಗೆ ಏನೋ ಬಚ್ಚಿಟ್ಟ ಹಾಗೆ ಕಾಣುತ್ತದೆ. ಕೇಳಿದ ಮೇಲೆ "ಅಲ್ಲಿದೆ, ತೆಗೆಯಲಾ?" ಎಂದು ಹೇಳಿ ನಿಧಾನವಾಗಿ ತೆಗೆಯಬೇಕು. ಫೈನ್ ಅನ್ಯಾಯ ಅನ್ನಿಸಿದರೆ ಕೋರ್ಟಿನಲ್ಲಿ ವಾದ ಮಾಡಲಿ, ರಸ್ತೆಯಲ್ಲಿ ಬೇಡ.

ಡಲ್ಲಾಸ್ ಅಂಕಲ್
ತಂಗಿ, ಸುಮ್ನೆ ಹೆದರಬ್ಯಾಡ. ನಾನು ಬಂದು 28 ವರ್ಷ ಆಯಿತು. ನಾಲ್ಕು ಸಲ ನಿಲ್ಲಿಸಿದ್ದಾರೆ, ನಾಲ್ಕೂ ಸಲ ಸ್ಪೀಡು ನನ್ನದೇ ತಪ್ಪು. "ಯೆಸ್ ಸರ್" ಅಂದೆ, ಟಿಕೆಟ್ ತಗೊಂಡೆ, ಮನೆಗೆ ಬಂದೆ. ತಪ್ಪು ಮಾಡದವನಿಗೆ ಭಯ ಯಾಕೆ? ಈ ದೇಶದಲ್ಲಿ ಜನರಿಗಿಂತ ಬಂದೂಕು ಜಾಸ್ತಿ. ಕಪ್ಪು ಗಾಜಿನ ಕಾರಿನೊಳಗೆ ಯಾರಿದ್ದಾರೋ, ಏನಿಟ್ಟಿದ್ದಾರೋ, ಪೊಲೀಸನಿಗೆ ಹೇಗೆ ಗೊತ್ತಾಗಬೇಕು? ಅವನಿಗೂ ಹೆಂಡತಿ ಮಕ್ಕಳು ಇಲ್ಲವೇ? ಟಿವಿ ನೋಡುವುದು ಕಡಿಮೆ ಮಾಡಿ. ಭಾನುವಾರ ಮಗನನ್ನು ಕನ್ನಡ ಶಾಲೆಗೆ ಕಳಿಸಿ, ಸಂಸ್ಕಾರ ಇದ್ದರೆ ಇದೆಲ್ಲ ಬರುವುದೇ ಇಲ್ಲ.

ಮಳೆಕಾಡು, ಸಿಯಾಟಲ್
ಅಂಕಲ್, 2014ರಲ್ಲಿ ಕ್ಲೀವ್‌ಲ್ಯಾಂಡ್‌ನಲ್ಲಿ ಸತ್ತ ತಮೀರ್ ರೈಸ್‌ಗೆ 12 ವರ್ಷ. ಕೈಯಲ್ಲಿ ಇದ್ದದ್ದು ಆಟದ ಬಂದೂಕು. 911 ತುರ್ತು ನಂಬರಿಗೆ ಫೋನ್ ಮಾಡಿದವರು "ಬಹುಶಃ ಅದು ನಕಲಿ, ಅವನೂ ಚಿಕ್ಕ ಹುಡುಗನೇ ಇರಬೇಕು" ಎಂದು ಹೇಳಿದ್ದರು. ಆ ಮಾತು ಪೊಲೀಸರ ಕಿವಿಗೆ ತಲುಪಲೇ ಇಲ್ಲ. ಕಾರು ಬಂದು ನಿಂತ ಎರಡು ಸೆಕೆಂಡಿನೊಳಗೆ ಗುಂಡು. ಅವನಿಗೆ ಯಾವ ಸಂಸ್ಕಾರ ಕಡಿಮೆಯಾಗಿತ್ತು?

ಡಲ್ಲಾಸ್ ಅಂಕಲ್
ಒಂದು ಕೇಸ್ ಹಿಡಿದುಕೊಂಡು ಇಡೀ ಇಲಾಖೆಗೆ ಮಸಿ ಬಳಿಯಬೇಡಿ. 2019ರಲ್ಲಿ ಅತ್ಯಾಚಾರ ಆರೋಪಿಗಳ ಹೈದರಾಬಾದ್ ಎನ್‌ಕೌಂಟರ್ ಆದಾಗ ಜನ ಪೊಲೀಸರ ಮೇಲೆ ಹೂವು ಸುರಿದರು. ಈ ಗುಂಪಿನಲ್ಲೂ ಎಷ್ಟು ಜನ ಚಪ್ಪಾಳೆ ಹೊಡೆದಿರಿ, ನೆನಪಿದೆ.

ಮಳೆಕಾಡು, ಸಿಯಾಟಲ್
ನಾನೂ ಹೊಡೆದಿದ್ದೆ, ಅದಕ್ಕೇ ಹೇಳುತ್ತಿದ್ದೇನೆ. ಸುಪ್ರೀಂ ಕೋರ್ಟ್ ನೇಮಿಸಿದ ಸಿರ್ಪುರ್ಕರ್ ಆಯೋಗದ ವರದಿ 2022ರಲ್ಲಿ ಬಂತಲ್ಲ. ಕೊಲ್ಲಬೇಕೆಂದೇ ಗುಂಡು ಹಾರಿಸಿದ್ದಾರೆ ಎಂದಿತು. ಅದನ್ನು ಓದಿದ ಮೇಲೆ ನನ್ನ ಚಪ್ಪಾಳೆಯ ಪೋಸ್ಟ್ ಅಳಿಸಿದೆ.

ಕಾನೂನು ಕಾಫಿ, ಕ್ಯಾಲಿಫೋರ್ನಿಯಾ
ಇಲ್ಲಿ ಕಾನೂನು ಏನು ಹೇಳುತ್ತದೆ ಎಂದು ಯಾರಾದರೂ ಹೇಳಬೇಕಲ್ಲ. ಓಡಿಹೋಗುತ್ತಿದ್ದಾನೆ ಎನ್ನುವ ಒಂದೇ ಕಾರಣಕ್ಕೆ ಗುಂಡು ಹೊಡೆಯುವಂತಿಲ್ಲ ಎಂದು ಅಮೆರಿಕದ ಸುಪ್ರೀಂ ಕೋರ್ಟ್ ಹೇಳಿದ್ದು 1985ರಲ್ಲಿ. ಮೆಂಫಿಸ್‌ನಲ್ಲಿ ಬೇಲಿ ಹತ್ತುತ್ತಿದ್ದ 15 ವರ್ಷದ ಹುಡುಗನ ಕೇಸ್ ಅದು. ಅವನು ಕದ್ದದ್ದು ಒಂದು ಪರ್ಸು, 10 ಡಾಲರ್.

1989ರದ್ದು ಸಕ್ಕರೆ ಕಾಯಿಲೆಯವರ ಕೇಸ್. ಸಕ್ಕರೆ ಇಳಿಯಿತೆಂದು ಕಿತ್ತಳೆ ಜ್ಯೂಸ್ ತರಲು ಅಂಗಡಿಗೆ ಓಡಿದರು. ಸಾಲು ಉದ್ದ ಇತ್ತು, ಹಾಗೇ ವಾಪಸ್ ಓಡಿಬಂದರು. ಪೊಲೀಸರಿಗೆ ಅನುಮಾನ. ಕೊನೆಗೆ ಕೈಗೆ ಕೋಳ ಬಿತ್ತು, ಕಾಲಿನ ಮೂಳೆ ಮುರಿಯಿತು. ಆಮೇಲೆ ನಡೆದದ್ದನ್ನೆಲ್ಲ ತಿಳಿದು ತೂಗಬಾರದು, ಆ ಕ್ಷಣ ಅಲ್ಲಿದ್ದ ವಿವೇಕಿ ಅಧಿಕಾರಿಗೆ ಏನು ಕಾಣುತ್ತಿತ್ತೋ ಅದರ ಮೇಲೆ ನೋಡಬೇಕು ಎಂದು ಕೋರ್ಟ್ ಹೇಳಿತು. ಬಹಳಷ್ಟು ಕೇಸ್ ಪೊಲೀಸರ ಕಡೆ ವಾಲುವುದು ಇದರಿಂದಲೇ. ನಮ್ಮ ರಾಜ್ಯ 2020ರಿಂದ ಸ್ವಲ್ಪ ಬಿಗಿ ಮಾಡಿದೆ, ಅಗತ್ಯ ಇದ್ದರೆ ಮಾತ್ರ ಪ್ರಾಣ ತೆಗೆಯುವ ಬಲ. 2025ರ ಮೇನಲ್ಲಿ ಸುಪ್ರೀಂ ಕೋರ್ಟ್ ಕೂಡ, ಗುಂಡು ಹಾರಿದ ಎರಡು ಸೆಕೆಂಡನ್ನೇ ನೋಡಿದರೆ ಸಾಲದು, ಅದಕ್ಕೆ ಮುಂಚೆ ಏನಾಯಿತು ಎಂದೂ ನೋಡಬೇಕು ಎಂದಿತು. ಅದು ಶುರುವಾದದ್ದು ಟೋಲ್ ಬಾಕಿಗೆ ಕಾರು ನಿಲ್ಲಿಸಿದ್ದರಿಂದ. ಹ್ಯೂಸ್ಟನ್ ಕಡೆ, ನಿಮ್ಮ ಟೆಕ್ಸಾಸೇ ಅಂಕಲ್.

ಡಲ್ಲಾಸ್ ಅಂಕಲ್
ಟೋಲ್ ಕಟ್ಟಿದ್ದರೆ ಆಗುತ್ತಿರಲಿಲ್ಲವಲ್ಲ. ನಾನೂ ಅದನ್ನೇ ಹೇಳಿದ್ದು.

ದಾವಣಗೆರೆ ಬೆಣ್ಣೆ, ಜಾರ್ಜಿಯಾ
ನನಗೆ ಮಕ್ಕಳಿಗಿಂತ ಮಾವನವರದ್ದೇ ಚಿಂತೆ. ಬೆಳಗ್ಗೆ ಐದೂವರೆಗೆ ಮಂಕಿ ಕ್ಯಾಪ್, ಶಾಲು ಹಾಕಿಕೊಂಡು ಹೊರಡುತ್ತಾರೆ. ಪೂಜೆಗೆ ಎಂದು ಪಕ್ಕದ ಮನೆಯ ಬೇಲಿಯಿಂದ ಹೂವು ಬೇರೆ ಕೀಳುತ್ತಾರೆ! ಎಷ್ಟು ಹೇಳಿದರೂ "ದೇವರಿಗಲ್ವೇನಮ್ಮ" ಎಂದು ನಗುತ್ತಾರೆ. 2015ರಲ್ಲಿ ಅಲಬಾಮಾದ ಮ್ಯಾಡಿಸನ್‌ನಲ್ಲಿ ಸುರೇಶ್‌ಭಾಯಿ ಪಟೇಲ್ ಅವರಿಗೆ ಆದದ್ದು ಗೊತ್ತಲ್ಲ? ಮೊಮ್ಮಗುವನ್ನು ನೋಡಿಕೊಳ್ಳಲು ಗುಜರಾತಿನಿಂದ ಬಂದವರು, 57 ವರ್ಷ. ವಾಕ್ ಹೋಗಿದ್ದರು ಅಷ್ಟೆ. ಯಾರೋ ಅನುಮಾನದಿಂದ ಫೋನ್ ಮಾಡಿದರು. ಇಂಗ್ಲಿಷ್ ಬಾರದು. ಪೊಲೀಸ್ ನೆಲಕ್ಕೆ ಕೆಡವಿದ ಏಟಿಗೆ ಕೈಕಾಲಿನ ಸ್ವಾಧೀನ ಭಾಗಶಃ ಹೋಯಿತು. ಅವರೇನು ತಪ್ಪು ಮಾಡಿದ್ದರು ಅಂಕಲ್? ನಮ್ಮ ಮಾವನವರ ಜೇಬಿನಲ್ಲಿ ವಿಳಾಸ, ಫೋನ್ ನಂಬರ್ ಬರೆದ ಚೀಟಿ ಇಟ್ಟಿದ್ದೇನೆ. ಆದರೆ ಆ ಚೀಟಿ ತೆಗೆಯಲು ಜೇಬಿಗೆ ಕೈ ಹಾಕಿದರೆ ಎಂಬ ಯೋಚನೆ ಶುರುವಾಗಿದೆ ಈಗ.

ತುಂಗಾತೀರ, ಬಾಸ್ಟನ್
2009ರಲ್ಲಿ ವಾಪಸ್ ಹೋಗಬೇಕಿತ್ತು. ಶಿವಮೊಗ್ಗದಲ್ಲಿ ಸೈಟೂ ಇತ್ತು. ಗ್ರೀನ್ ಕಾರ್ಡ್ ಬಂದ ಮೇಲೆ ಹೋಗೋಣ ಎಂದು ಕೂತೆ. ಈಗ ಮಕ್ಕಳು ಊರಿಗೆ ಬರುವುದಿಲ್ಲ, ಅಪ್ಪ ಅಮ್ಮ ಇಲ್ಲಿಗೆ ಬರುವುದಿಲ್ಲ. ಕ್ಷಮಿಸಿ, ನಿಮ್ಮ ಪ್ರಶ್ನೆಗೆ ಇದು ಉತ್ತರ ಅಲ್ಲ.

ಡಲ್ಲಾಸ್ ಅಂಕಲ್
ಊರಲ್ಲಿ ಏನು ಲಾಠಿ ಇಲ್ಲವೇ? ಎಲ್ಲರೂ ಅಮೆರಿಕದ ಉಪ್ಪು ತಿಂದು ಅಮೆರಿಕವನ್ನೇ ಬೈಯುತ್ತೀರಿ. ನನ್ನ ಮಗಳು ಈ ವರ್ಷ ಮೆಡಿಕಲ್ ಸೇರಿದಳು. ಒಂದು ದಿನ ಪೊಲೀಸ್ ಮುಖ ನೋಡಿಲ್ಲ.

(ಇದಕ್ಕೆ ಇಪ್ಪತ್ತು ಚಿಲ್ಲರೆ ಉತ್ತರ ಬಂದವು. ಅರ್ಧ ಉಪ್ಪಿನ ಬಗ್ಗೆ, ಅರ್ಧ ಮೆಡಿಕಲ್ ಸೀಟಿನ ಬಗ್ಗೆ.)

ಹದಿನಾರರ ಅಮ್ಮ, ಮಿನ್ನೆಸೋಟ
ಕಾಗದ ಎಲ್ಲಿಡಲಿ ಎಂದು ಕೇಳಿದ್ದೆ.

ಮಂಡ್ಯದ ಬೆಲ್ಲ, ನ್ಯೂಜೆರ್ಸಿ
ಸನ್ ವೈಸರ್‌ಗೆ ಒಂದು ಕ್ಲಿಪ್ ಹಾಕಿ ಅಲ್ಲಿಡಿ. ಕೈ ಮೇಲೆ ಹೋಗುವುದು ಹೊರಗಿನವನಿಗೆ ಕಾಣುತ್ತದೆ. ಪರ್ಸನ್ನು ಹಿಂದಿನ ಜೇಬಿನಲ್ಲಿ ಇಡುವ ಅಭ್ಯಾಸ ಬಿಡಿಸಿ. ಒಂದೆರಡು ಸಲ ಮನೆಯಲ್ಲೇ ಆಡಿಸಿ ನೋಡಿ.

ಹದಿನಾರರ ಅಮ್ಮ, ಮಿನ್ನೆಸೋಟ
ಥ್ಯಾಂಕ್ಸ್. ನಿನ್ನೆ ರಾತ್ರಿ ಗ್ಯಾರೇಜಿನಲ್ಲಿ ಆಡಿಸಿದೆ. ನಾನೇ ಪೊಲೀಸ್, ಕೈಯಲ್ಲಿ ಅಡುಗೆಮನೆಯ ಟಾರ್ಚು. ಮಗ ಎರಡೂ ಕೈ ಸ್ಟೀರಿಂಗ್ ಮೇಲಿಟ್ಟು "ಲೈಸೆನ್ಸ್ ಬ್ಯಾಗಲ್ಲಿದೆ, ತೆಗೀಲಾ?" ಅಂದ. ಅವನ ಬೆರಳು ನೋಡಿದೆ. ಆಟವಾದರೂ ಬಿಗಿಯಾಗಿ ಹಿಡಿದಿದ್ದ. ಆಮೇಲೆ ನಮ್ಮ ಮನೆಯವರನ್ನು ಕೂರಿಸಿದೆ. ಬಂದು 19 ವರ್ಷ ಆಗಿದೆ ಇವರು. ಟಾರ್ಚ್ ಬಿಟ್ಟ ಕೂಡಲೇ ಬಾಗಿಲು ತೆಗೆದು ಇಳಿದೇಬಿಟ್ಟರು.